ಬಾರೇ ಹೋಗೇ ಅಂತಿದ್ದೋರು ಈಗ ‘ನೀವು’ ಅಂತಾರೆ

ಪ್ರಶ್ನೆ: ಮೇಡಂ ನಮಸ್ತೆ. ನಮ್ಮ ಯಜಮಾನ್ರಿಗೆ 36 ವರ್ಷ. 8 ತಿಂಗಳ ಹಿಂದೆ ರಾತ್ರಿ ಬೈಕಿಂದ ಬಿದ್ದು ತಲೆಗೆ ಪೆಟ್ಟಾಯ್ತು, ಹೆಲ್ಮೆಟ್ ಇರ್ಲಿಲ್ಲ, 11 ದಿನ ಐಸಿಯು. ಈಗ ಓಡಾಡ್ತಾರೆ, ಹಾಲು ಕರೀತಾರೆ, ಹೈಸ್ಕೂಲ್ ಮೇಷ್ಟ್ರ ಹೆಸರೆಲ್ಲ ಹೇಳ್ತಾರೆ, ಆದ್ರೆ ಹಿಂದಿನ 6 ವರ್ಷ ಇಲ್ವೇ ಇಲ್ಲ. ನಮ್ಮ ಮದುವೆ ಆಗಿದ್ದೇ 5 ವರ್ಷದ ಹಿಂದೆ. ಬಾರೇ ಹೋಗೇ ಅಂತಿದ್ದೋರು ನನ್ನನ್ನ ‘ನೀವು’ ಅಂತಾರೆ, ಒಂದೇ ರೂಮಲ್ಲಿ ಮಲಗೋಕೂ ಸಂಕೋಚ. 4 ವರ್ಷದ ಮಗಳು ಅಪ್ಪಾ ಅಂತ ಹೋದ್ರೆ ಸುಮ್ನೆ ನೋಡ್ತಾರೆ. ಮಾವ ತೀರಿಕೊಂಡು 3 ವರ್ಷ ಆಯ್ತು, ದಿನಾ ‘ಅಪ್ಪ ಎಲ್ಲಿ’ ಅಂತಾರೆ, ಹೇಳಿದ್ರೆ ಪ್ರತಿ ಸಲ ಹೊಸದಾಗಿ ಅಳ್ತಾರೆ. ಬಂದ ನೆಂಟರೆಲ್ಲ ‘ನಾನ್ಯಾರು ಹೇಳು ನೋಡೋಣ’ ಅಂತಾರೆ, ಹೋದ ವಾರ ತಟ್ಟೆ ಎಸೆದುಬಿಟ್ರು. ಮೊನ್ನೆ ಮಾತ್ರ ‘ನಿಮ್ದು ಊಟ ಆಯ್ತಾ’ ಅಂತ ಕೇಳಿದ್ರು. ನೆನಪು ಬರುತ್ತಾ ಮೇಡಂ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ನಿಮ್ಮ ಕಾಗದ ಎರಡು ಸಲ ಓದಿದೆ ತಂಗಿ. ಮೊದಲು ಒಂದು ಮಾತು, ಅವರು ನಿಮ್ಮನ್ನ ಬೇಡ ಅಂತ ಮರೆತಿಲ್ಲ. ತಲೆಗೆ ಪೆಟ್ಟಾದಾಗ ಸಾಮಾನ್ಯವಾಗಿ ಹೊಸ ನೆನಪೇ ಮೊದಲು ಅಳಿಸೋದು, ಹಳೇದು ಗಟ್ಟಿ ಇರುತ್ತೆ, ಇದನ್ನ ಫ್ರಾನ್ಸಿನ ರಿಬೋ ಅನ್ನೋರು 1881ರಲ್ಲೇ ಬರೆದಿದ್ರು. ಅದಕ್ಕೇ ಮೇಷ್ಟ್ರು ಉಳಿದ್ರು, ನೀವು ಹೋದ್ರಿ. ಸ್ವಲ್ಪ ಸ್ವಲ್ಪ ವಾಪಸ್ ಬರಬಹುದು, ಆದ್ರೆ ಪೂರ್ತಿ ಬರುತ್ತೆ ಅಂತ ನಾನು ಭರವಸೆ ಕೊಡಲ್ಲ, ಅದನ್ನೇ ಕಾಯ್ತಾ ಕೂತ್ರೆ ನೀವು ಸವೆದು ಹೋಗ್ತೀರ.

ಆ ‘ನಾನ್ಯಾರು ಹೇಳು’ ಪರೀಕ್ಷೆ ಇವತ್ತೇ ನಿಲ್ಲಿಸಿ, ಅತ್ತೆಗೂ ಹೇಳಿ, ನೆಂಟರಿಗೆ ಬಾಗಿಲಲ್ಲೇ ಹೇಳಿ. ಅವರು ತಪ್ಪು ಊಹೆ ಮಾಡಿದ್ರೆ ನೀವು ತಿದ್ದಿದ್ದು ಮರೆತುಹೋಗಿ ಆ ತಪ್ಪೇ ಕೂತುಬಿಡುತ್ತೆ. ಕೇಳೋ ಬದಲು ಮೊದಲೇ ಹೇಳಿ, ‘ಇವ್ಳು ನಮ್ಮ ಮಗಳು, ನಿಮಗೆ ಕಾಫಿ ತಂದಿದಾಳೆ’ ಅಂತ.

1911ರಲ್ಲಿ ಕ್ಲಾಪರೇಡ್ ಅನ್ನೋ ಸ್ವಿಸ್ ವೈದ್ಯರು ಬರೆದಿರೋದು ಇದು, ಅವರನ್ನ ಕಂಡ ನೆನಪೇ ಉಳಿಯದ ಒಬ್ಬ ಹೆಂಗಸಿಗೆ ಕೈ ಕುಲುಕುವಾಗ ಸೂಜಿ ಚುಚ್ಚಿದ್ರಂತೆ, ಆಮೇಲೆ ಆಕೆ ಇವರನ್ನ ಗುರುತು ಹಿಡೀಲಿಲ್ಲ ಆದ್ರೂ ಕೈ ಕೊಡಲಿಲ್ಲ. ಹಾಗೇ ಅಮೆರಿಕದ ಹೆನ್ರಿ ಮೊಲೈಸನ್, 1953ರಲ್ಲಿ ಮಿದುಳಿನ ಆಪರೇಷನ್ ಆದ್ಮೇಲೆ ಹೊಸದೇನೂ ನೆನಪಿಡೋಕೆ ಆಗ್ತಿರ್ಲಿಲ್ಲ, ಆದ್ರೆ ಕನ್ನಡಿ ನೋಡ್ಕೊಂಡು ನಕ್ಷತ್ರ ಬಿಡಿಸೋದನ್ನ ದಿನದಿಂದ ದಿನಕ್ಕೆ ಕಲಿತ್ರು, ಕಲಿತಿದ್ದೇ ಗೊತ್ತಿಲ್ಲದೆ. ಅಂದ್ರೆ ಹೆಸರು ಉಳೀದಿದ್ರೂ ಕೈಗೆ ರೂಢಿಯಾದದ್ದು, ನೋವು, ಭಯ ಉಳಿಯುತ್ತೆ. ಅದಕ್ಕೇ ಮಗಳ ಜೊತೆ ದಿನಾ ಒಂದೇ ಹೊತ್ತಿಗೆ ಒಂದೇ ಕೆಲಸ ಮಾಡ್ಲಿ, ಕರುಗೆ ಹುಲ್ಲು ಹಾಕೋದೋ ಗಿಡಕ್ಕೆ ನೀರೋ. ‘ಅಪ್ಪ’ ಅನ್ನಿಸಿಕೊಳ್ಳೋದು ಆಮೇಲೆ ಬರ್ಲಿ.

ಮಾವನ ವಿಷಯದಲ್ಲಿ ಸುಳ್ಳು ಬೇಡ, ಬೇರೆ ಊರಿಗೆ ಹೋಗಿದಾರೆ ಅಂದ್ರೆ ನಾಳೆ ನಿಮ್ಮ ಮೇಲೇ ನಂಬಿಕೆ ಹೋಗುತ್ತೆ. ಹಾರ ಹಾಕಿದ ಫೋಟೋ ನಡುಮನೆಯಲ್ಲಿ ಕಣ್ಣಿಗೆ ಕಾಣೋ ಹಾಗೆ ಇಡಿ. ಒಂದು ಡೈರಿ ಮಾಡಿ, ಮದುವೆ ಫೋಟೋ, ಮಗಳು ಹುಟ್ಟಿದ ದಿನ, ಅಪ್ಪನ ಕೊನೇ ದಿನ, ಎಲ್ಲ ಅವರ ಕೈಯಲ್ಲೇ ಬರೆಸಿ, ಕೇಳಿದಾಗ ಪಕ್ಕದಲ್ಲಿ ಕೂತು ಓದಿ.

ತಟ್ಟೆ ಎಸೆದದ್ದು ಪೆಟ್ಟಿನ ಭಾಗವೂ ಇರಬಹುದು, ಡಾಕ್ಟ್ರಿಗೆ ಮುಚ್ಚಿಡದೆ ಹೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನೆನಪಿನ ತರಬೇತಿ ಕೊಡೋ ನ್ಯೂರೋಸೈಕಾಲಜಿ ವಿಭಾಗ ಇದೆ, ಸ್ಕ್ಯಾನ್ ಫೈಲ್ ಹಿಡ್ಕೊಂಡು ಹೋಗಿ. ಕುಡಿತ ಬೇಡ್ವೇ ಬೇಡ, ಡಾಕ್ಟ್ರು ಹೇಳೋವರೆಗೆ ಬೈಕ್ ಕೀ ಬಚ್ಚಿಡಿ. ಫಿಟ್ಸ್ ಬಂದ್ರೆ ತಡ ಮಾಡದೆ ಆಸ್ಪತ್ರೆಗೆ.

ರೂಮಿನ ವಿಷಯ… ಅವರ ಪಾಲಿಗೆ ನೀವು ಈಗಷ್ಟೇ ಪರಿಚಯ ಆದ ಹೆಣ್ಣುಮಗಳು, ಆ ಸಂಕೋಚ ಇರ್ಲಿ ಬಿಡಿ, ಬೇರೆ ಚಾಪೆ ಹಾಕಿಕೊಡಿ. ನಿಮಗೆ ಅಳು ಬಂದ್ರೆ ತಡೀಬೇಡಿ, ಮನುಷ್ಯ ಕಣ್ಮುಂದೆ ಇದ್ದೂ ಕಳ್ಕೊಂಡಿರೋ ದುಃಖ ಇದು, ವಾರಕ್ಕೊಂದು ದಿನ ತವರಿಗಾದ್ರೂ ಹೋಗಿ ಬನ್ನಿ. ಮತ್ತೆ ಆ ‘ನಿಮ್ದು ಊಟ ಆಯ್ತಾ’ ಇದೆಯಲ್ಲ, ಅದು ಹಳೇ ನೆನಪಲ್ಲ, ಈಗ ಹುಟ್ಟಿದ್ದು. ತಾರೀಖು ಹಾಕಿ ಆ ಡೈರಿಲಿ ಬರೆದಿಡಿ.