ಮಲ್ಲಸರ್ಜ ಯಾರಿಗೂ ಬೇಡವೇ?

ಬೈಲಹೊಂಗಲದ ಶಿಕ್ಷಕಿಯೊಬ್ಬರ ಪತ್ರ ಬಂದಿದೆ. ಅವರ ಶಾಲೆಯ ಗ್ಯಾದರಿಂಗಿಗೆ ಕಿತ್ತೂರು ಚೆನ್ನಮ್ಮನ ನಾಟಕ ಆಡಿಸುತ್ತಿದ್ದಾರೆ. ರಾಯಣ್ಣ ಆಗಲು ಹುಡುಗರು ಜಗಳಕ್ಕೇ ಬಿದ್ದಿದ್ದಾರೆ. ಚೆನ್ನಮ್ಮನ ಗಂಡ, ಕಿತ್ತೂರಿನ ದೊರೆ ಮಲ್ಲಸರ್ಜ ಮಾತ್ರ ಯಾರಿಗೂ ಬೇಡ. ‘ಅವ ಅರ್ಧಕ್ಕs ಸಾಯ್ತಾನಲ್ರೀ’ ಅನ್ನುತ್ತಾರಂತೆ. ಶಿಕ್ಷಕಿ ಕೇಳುತ್ತಾರೆ: ‘ಸಿನಿಮಾದಲ್ಲಿ ಈ ಪಾತ್ರ ಮಾಡಿದ್ದು ರಾಜ್‌ಕುಮಾರ್. ಅಂಥ ನಟರಿಗೆ ಇದು ತೀರಾ ಸಣ್ಣದಾಗಲಿಲ್ಲವೇ? ಮತ್ತೆ ಈಗ ಟಿವಿಯಲ್ಲಿ ಬರುವ ರಾಜರು ಅವರ ಹಾಗೆ ಯಾಕೆ ಕಾಣುವುದಿಲ್ಲ?’

ಅಕ್ಕೋರೇ, ನಿಮ್ಮ ಹುಡುಗರಿಗೆ ಮೊದಲು ಇಸವಿಗಳನ್ನು ಹೇಳಿ. ‘ರಣಧೀರ ಕಂಠೀರವ’ ಬಂದದ್ದು 1960ರಲ್ಲಿ. ಅದರಲ್ಲಿ ಇಡೀ ಚಿತ್ರವೇ ರಾಜ್‌ಕುಮಾರ್ ಅವರ ಹೆಗಲ ಮೇಲೆ. ಮರುವರ್ಷವೇ ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’. ಅಲ್ಲಿ ಚಿತ್ರ ಬಿ. ಸರೋಜಾದೇವಿ ಅವರದು, ರಾಜ್‌ಕುಮಾರ್ ಆಕೆಯ ಗಂಡ. ಆಗಲೇ ಹೆಸರು ಮಾಡಿದ್ದ ನಾಯಕ ನಟ ಅದಕ್ಕೆ ಒಪ್ಪಿಕೊಂಡರು, ಮನಸ್ಸಿಟ್ಟು ಮಾಡಿದರು. ಅದಕ್ಕೂ ಮುಂಚೆ, 1959ರ ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಹೊನ್ನಪ್ಪ ಭಾಗವತರ್ ಬಸವಣ್ಣನಾದರೆ ಇವರು ಬಿಜ್ಜಳ. ನಮ್ಮ ಕಡೆಯ ಇಬ್ಬರು ದೊಡ್ಡವರ ಕಥೆಯಲ್ಲೂ ರಾಜ್‌ಕುಮಾರ್ ಪಕ್ಕದಲ್ಲಿ ನಿಂತ ರಾಜ. ಬಾದಾಮಿಯ ದೊರೆಯಾಗಿ ‘ಇಮ್ಮಡಿ ಪುಲಿಕೇಶಿ’ ಮಾಡಿದ್ದು ಆಮೇಲೆ, 1967ರಲ್ಲಿ.

ಅವರ ರಾಜರ ಮಾತು ಬಂದರೆ ಜನ ‘ಶ್ರೀಕೃಷ್ಣದೇವರಾಯ’, ‘ಮಯೂರ’ ಅಂತಲೇ ಶುರು ಮಾಡುತ್ತಾರೆ. ನನಗೂ ‘ಮಯೂರ’ ಅಂದರೆ ಪ್ರಾಣ. ಆದರೆ ನಟನ ಕಸುಬು ನೋಡಬೇಕೆಂದರೆ ನಾನು ಮಲ್ಲಸರ್ಜನನ್ನೇ ತೋರಿಸುತ್ತೇನೆ. ಗೆಲ್ಲುವ ರಾಜನಿಗೆ ಕಥೆಯೇ ಅರ್ಧ ಕೆಲಸ ಮಾಡಿಕೊಡುತ್ತದೆ. ಮಲ್ಲಸರ್ಜನಿಗೆ ಆ ಅನುಕೂಲ ಇಲ್ಲ. ಇತಿಹಾಸದಲ್ಲೂ ಅವನ ಪಾಲಿಗೆ ಬಂದದ್ದು ಕಷ್ಟವೇ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ. ಮುಂದೆ ಪೇಶ್ವೆಯ ಸೆರೆ. 1816ರಲ್ಲಿ ತೀರಿಕೊಂಡ. ಅವನು ಉಳಿಸಿಕೊಂಡು ಬಂದ ನಾಡಿಗಾಗಿಯೇ 1824ರ ಅಕ್ಟೋಬರ್ 23ರಂದು ಚೆನ್ನಮ್ಮನ ಪಡೆ ಬ್ರಿಟಿಷ್ ಅಧಿಕಾರಿ ಥ್ಯಾಕರೆಯನ್ನು ಕೆಡವಿದ್ದು. ಮಲ್ಲಸರ್ಜ ಪುಕ್ಕಲನ ಹಾಗೆ ಕಂಡರೆ ಚೆನ್ನಮ್ಮನ ದುಃಖಕ್ಕೂ ತೂಕ ಇರುವುದಿಲ್ಲ, ಸಿಟ್ಟಿಗೂ ಇರುವುದಿಲ್ಲ. ಅವನು ಸತ್ತಾಗ ನೋಡುವವರಿಗೆ ಒಬ್ಬ ಮನುಷ್ಯ ಹೋದ ಅನ್ನಿಸಬೇಕು. ಇದನ್ನು ಸಣ್ಣ ಪಾತ್ರ ಅನ್ನೋದು ಹೇಗೆ?

ಇನ್ನು ಟಿವಿಯ ರಾಜರು. ಈಗಿನ ಹುಡುಗರಿಗೆ ನಟನೆ ಬರುವುದಿಲ್ಲ ಅಂತ ನಾನು ಹೇಳಲಾರೆ. ಅವರಿಗೆ ಸಿಗದೇ ಹೋದದ್ದು ಕಂಪನಿ ನಾಟಕದ ತಾಲೀಮು. ರಾಜ್‌ಕುಮಾರ್ ಚಿಕ್ಕಂದಿನಲ್ಲೇ ತಂದೆಯ ಜೊತೆ ಗುಬ್ಬಿ ವೀರಣ್ಣನವರ ಕಂಪನಿ ಸೇರಿದವರು. ನಾಟಕದ ಕಿರೀಟ ಅಂದರೆ ರಟ್ಟು, ಬೇಗಡೆ, ಹಿಂದೆ ಕಟ್ಟುವ ಒಂದು ದಾರ. ತಲೆ ಜಾಸ್ತಿ ಆಡಿಸಿದರೆ ವಾಲುತ್ತದೆ. ಹಾಗಾಗಿ ನಟ ಬರೀ ಕುತ್ತಿಗೆ ತಿರುಗಿಸುವುದಿಲ್ಲ, ಎದೆ ಸಮೇತ ತಿರುಗುತ್ತಾನೆ. ಕತ್ತಿಯ ಒರೆ ಕಾಲಿಗೆ ತೊಡರಬಾರದು, ಎಡಗೈ ತಾನಾಗಿ ಹಿಡಿಯ ಮೇಲೆ ಹೋಗುತ್ತದೆ. ಮೈಕು ಇಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೂ ಕೇಳಬೇಕು, ಅದಕ್ಕೆ ಮಾತು ಹೊಟ್ಟೆಯಿಂದ ಬರುತ್ತದೆ. ವರ್ಷಗಟ್ಟಲೆ ಹೀಗೆ ಮಾಡಿದ ಮೈಗೆ ರಾಜನ ಗತ್ತು ತಾನೇ ಅಂಟಿಕೊಳ್ಳುತ್ತದೆ. ನಮ್ಮ ಸವದತ್ತಿ ಸೀಮೆಯ ಏಣಗಿ ಬಾಳಪ್ಪನವರೂ ಹೀಗೇ ಬೆಳೆದವರು. ಹೆಣ್ಣುಪಾತ್ರ ಮಾಡುತ್ತಾ ರಂಗಕ್ಕೆ ಬಂದು ಬಸವಣ್ಣನಾಗಿ ಮನೆಮಾತಾದರು.

ಟಿವಿಯಲ್ಲಿ ದಿನಕ್ಕೊಂದು ಕಂತು ಕೊಡಬೇಕು. ಕ್ಯಾಮೆರಾ ಮುಖ ಬಿಟ್ಟು ಕೆಳಗಿಳಿಯುವುದೇ ಅಪರೂಪ. ಆಭರಣ ಥಳಥಳ ಹೊಳೆಯುತ್ತದೆ, ನಡಿಗೆ ಮಾತ್ರ ಜೀನ್ಸ್ ಹಾಕಿದವನದು.

ಆದರೆ ಹಳೆಯ ಚಿತ್ರಗಳ ಬಗ್ಗೆ ನನಗೂ ಒಂದು ತಕರಾರಿದೆ. ಅವುಗಳಲ್ಲಿ ಎಲ್ಲ ರಾಜರದ್ದೂ ಒಂದೇ ಪುಸ್ತಕದ ಕನ್ನಡ. ಕಿತ್ತೂರಿನ ದೊರೆ ಮನೆಯೊಳಗೂ ಹಾಗೇ ಮಾತಾಡುತ್ತಿದ್ದನೇ? ನಿಮ್ಮ ನಾಟಕದಲ್ಲಿ ದರ್ಬಾರಿನ ಮಾತು ಹೇಗೂ ಇರಲಿ. ಗಂಡ ಹೆಂಡತಿ ಇಬ್ಬರೇ ಇರುವಾಗ ಬೈಲಹೊಂಗಲದ ಮಾತೇ ಆಡಿಸಿ. ಆಗ ಮಲ್ಲಸರ್ಜ ನಿಮ್ಮ ಮಕ್ಕಳಿಗೆ ಹತ್ತಿರದವನಾಗುತ್ತಾನೆ.

ಪಾತ್ರವನ್ನು ತೀರಾ ಕುಳ್ಳ, ತೀರಾ ಮೆತ್ತಗಿನ ಹುಡುಗನ ತಲೆಗೆ ಕಟ್ಟಬೇಡಿ. ರಾಯಣ್ಣನಿಗೆ ಜೋರು ಮಾಡುತ್ತಿರುವವರಲ್ಲೇ ಚಲೋ ನಟನನ್ನು ಆರಿಸಿ. ರುಮಾಲು ಸುತ್ತಿ, ಸೊಂಟಕ್ಕೆ ಕತ್ತಿ ಕಟ್ಟಿ, ಮಾತೇ ಇಲ್ಲದೆ ಒಂದು ವಾರ ಸುಮ್ನೆ ನಡೆಸಿ, ಕೂರಿಸಿ, ಏಳಿಸಿ. ಮಾತು ಆಮೇಲೆ ಕಲಿಯಲಿ. ಚೆನ್ನಮ್ಮ ಆಗುವ ಹುಡುಗಿಯನ್ನೂ ಆ ತಾಲೀಮಿಗೆ ಕರೆಯಿರಿ, ಅವಳಿಗೂ ಅದೇ ಕತ್ತಿ ಹಿಡಿಯುವುದಿದೆ.