'ಎದೆಯೊಳಗಿನ ಬೀಗ' ಲೇಖನದ ಕುರಿತು

ನಮಸ್ಕಾರ.

'ಎದೆಯೊಳಗಿನ ಬೀಗ' ಎರಡು ಸಲ ಓದಿದೆ. ಜೀವ ಕಾಯುವ ಯಂತ್ರಗಳ ಸಾಫ್ಟ್‌ವೇರ್ ಮುಚ್ಚಿಡಬಾರದೆಂಬ ನಿಮ್ಮ ವಾದ ನನಗೂ ಒಪ್ಪಿಗೆ. ಆದರೆ ಲೇಖನವನ್ನು ಈಗಿರುವಂತೆ ಹಾಕಲಾರೆ.

ತಂತ್ರಜ್ಞಾನ ಯುಗದ ಪೀಠಿಕೆ ಒಂದೂವರೆ ಪುಟವಿದೆ, ತೆಗೆದುಬಿಡಿ. ಕ್ಯಾರೆನ್ ಸ್ಯಾಂಡ್ಲರ್ ಅವರಿಂದಲೇ ಶುರು ಮಾಡಿ. ಎದೆಯೊಳಗೆ ಕೂರುವ ಯಂತ್ರದ ಸೋರ್ಸ್ ಕೋಡ್, ಅಂದರೆ ಸಾಫ್ಟ್‌ವೇರಿನ ಮೂಲ ಬರಹ, ತೋರಿಸಿ ಎಂದು ಕೇಳಿ ಇಲ್ಲವೆನಿಸಿಕೊಂಡ ವಕೀಲೆ. ಮುಂದೆ ಗರ್ಭಿಣಿಯಾಗಿದ್ದಾಗ ಅದೇ ಯಂತ್ರದಿಂದ ಬೇಡದ ಷಾಕ್ ತಿಂದವರು. ಇಂಥವರನ್ನು ಐದನೇ ಪುಟದಲ್ಲಿ ಒಂದೇ ಸಾಲಿಗೆ ಮುಗಿಸಿದ್ದೀರಲ್ಲ! ಅವರಿಗಿರುವುದು ನೀವು ಬರೆದಂತೆ ಪೇಸ್‌ಮೇಕರ್ ಅಲ್ಲ, ಡಿಫಿಬ್ರಿಲೇಟರ್. ಪೇಸ್‌ಮೇಕರ್ ನಿಧಾನವಾದ ಬಡಿತವನ್ನು ಮೆಲ್ಲಗೆ ತಟ್ಟಿ ಎಬ್ಬಿಸುತ್ತದೆ. ಡಿಫಿಬ್ರಿಲೇಟರ್ ಬಡಿತ ಹಳಿ ತಪ್ಪಿತೆಂದುಕೊಂಡರೆ ಷಾಕ್ ಕೊಟ್ಟು ಒದೆಯುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದ ಓದುಗರಿಗೆ ಷಾಕಿನ ಕಥೆಯೇ ಅರ್ಥವಾಗದು.

ಥೆರಾಕ್-25 ಬಗ್ಗೆ 'ಕೋಡ್ ತೆರೆದಿದ್ದರೆ ಯಾರೂ ಸಾಯುತ್ತಿರಲಿಲ್ಲ' ಎಂದಿದ್ದೀರಿ. ಹೇಗೆ ಗೊತ್ತು? 1985ರಿಂದ 87ರ ನಡುವೆ ಕ್ಯಾನ್ಸರ್ ಚಿಕಿತ್ಸೆಯ ಆ ವಿಕಿರಣ ಯಂತ್ರ ಆರು ಮಂದಿಗೆ ಮಿತಿಮೀರಿದ ಡೋಸ್ ಕೊಟ್ಟಿತು. ಟೆಕ್ಸಾಸಿನ ಟೈಲರ್‌ನಲ್ಲಿ ಆಸ್ಪತ್ರೆಯ ಭೌತವಿಜ್ಞಾನಿ ಮತ್ತು ಆಪರೇಟರ್ ಕೂತು, ಕೋಡ್ ಕೈಯಲ್ಲಿಲ್ಲದೆಯೇ, ಕೀಬೋರ್ಡಿನ ಕೀಲಿಗಳನ್ನು ಮತ್ತೆ ಮತ್ತೆ ಬಿರುಸಾಗಿ ಒತ್ತಿ ದೋಷವನ್ನು ಮರುಕಳಿಸಿ ತೋರಿಸಿದರು. ಹಿಂದಿನ ಥೆರಾಕ್-20ರಲ್ಲೂ ಆ ದೋಷವಿತ್ತು. ಅಲ್ಲಿ ಹಾರ್ಡ್‌ವೇರ್ ತಡೆ ಇದ್ದುದರಿಂದ ಫ್ಯೂಸ್ ಹಾರುತ್ತಿತ್ತು, ಅಷ್ಟೇ. ಹೊಸದರಲ್ಲಿ ತಡೆ ಕಿತ್ತು ಭಾರವನ್ನೆಲ್ಲ ಸಾಫ್ಟ್‌ವೇರ್ ಮೇಲೆ ಹೊರಿಸಿದರು. ವಾದಕ್ಕೆ ಅಡ್ಡ ಬರುತ್ತದೆಂದು ಇದನ್ನು ಬಿಟ್ಟಿರಾ? ಸೇರಿಸಿ. ಆ ಫ್ಯೂಸಿನ ಮಾತು ನೀವೇ ಹೇಳಿದರೆ ಉಳಿದದ್ದನ್ನೂ ಜನ ನಂಬುತ್ತಾರೆ.

ನಿಜವಾದ ತೊಡಕಿರುವುದು ಲೈಸೆನ್ಸ್ ಭಾಗದಲ್ಲಿ. ಕೋಡ್ ಓದುವುದನ್ನೂ, ತಿದ್ದಿದ ಕೋಡನ್ನು ಅದೇ ಯಂತ್ರದಲ್ಲಿ ಓಡಿಸುವುದನ್ನೂ ಕಲಸಿಬಿಟ್ಟಿದ್ದೀರಿ. ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡುವ ಪೆಟ್ಟಿಗೆ ಮಾರುತ್ತಿದ್ದ ಟಿವೊ ಕಂಪನಿ, ಅದರಲ್ಲಿದ್ದ ಲಿನಕ್ಸ್ ಎಂಬ ಓಪನ್ ಸೋರ್ಸ್ ಸಾಫ್ಟ್‌ವೇರಿನ ಕೋಡನ್ನು ಕೊಟ್ಟಿತ್ತು. ತಿದ್ದಿ ಹಾಕಿದರೆ ಮಾತ್ರ ಪೆಟ್ಟಿಗೆ ಒಪ್ಪುತ್ತಿರಲಿಲ್ಲ. ಇಂಥ ಸಾಫ್ಟ್‌ವೇರಿಗೆ ಬಳಸುವ ಜಿಪಿಎಲ್ ಲೈಸೆನ್ಸಿನ 2007ರ ಮೂರನೇ ಆವೃತ್ತಿ ಕೈ ಹಾಕಿದ್ದು ಈ ಬೀಗಕ್ಕೆ, ಅದೂ ಗ್ರಾಹಕರ ಸ್ವಂತ ಬಳಕೆಯ ವಸ್ತುಗಳ ಮಟ್ಟಿಗೆ. ಆಸ್ಪತ್ರೆಗೆ ಮಾರುವ ವಿಕಿರಣ ಯಂತ್ರಕ್ಕೆ ಆ ಷರತ್ತು ತಾಗದು. ಲಿನಕ್ಸಿನ ತಿರುಳಾದ ಕರ್ನಲ್ ಅಂತೂ ಎರಡನೇ ಆವೃತ್ತಿಯಲ್ಲೇ ಉಳಿಯಿತು. ಸ್ಯಾಂಡ್ಲರ್ ಕೇಳಿದ್ದು ನೋಡಲು. ರೋಗಿ ತಾನೇ ತಿದ್ದಿಕೊಳ್ಳಬಹುದೇ? ಹತ್ತು ಪುಟದಲ್ಲಿ ಎಲ್ಲೂ ನಿಮ್ಮ ನಿಲುವಿಲ್ಲ.

ಇನ್ನೊಂದು, 'ಮುಕ್ತ ಆಕರ ತಂತ್ರಾಂಶ' ಬೇಡ. ಓಪನ್ ಸೋರ್ಸ್ ಎಂದೇ ಬರೆಯಿರಿ, ಎಲ್ಲರೂ ಆಡುವ ಮಾತು.

ಐದು ಪುಟಕ್ಕೆ ಇಳಿಸಿ ಮತ್ತೆ ಕಳಿಸಿ, ಓದುತ್ತೇನೆ.

— ಸಂಪಾದಕ