ಅಲ್ಗಾರಿದಂ ಬದಲಾಯಿಸೋಕೆ ಮುಂಚೆ ಕೇಬಲ್ ಅಳತೆ ಮಾಡಿ

ಸ್ಮಾರ್ಟ್ ಆಂಟೆನಾ ಅಂದ್ರೆ ಹಲವು ಆಂಟೆನಾಗಳ ಸಿಗ್ನಲ್‌ನ ಲೆಕ್ಕ ಹಾಕಿ ಸೇರಿಸಿ ಬೇಕಾದ ದಿಕ್ಕಿಗೆ ಒತ್ತು ಕೊಡೋ ವ್ಯವಸ್ಥೆ, ಆ ಒತ್ತು ಬೀಳೋ ದಿಕ್ಕೇ ಬೀಮ್; ಇದಕ್ಕಿಂತ ಜಾಸ್ತಿ ಇಲ್ಲಿ ಶುರುವಿಂದ ಹೇಳ್ತಾ ಕೂರಲ್ಲ, ಅದು ಯಾವ ಟೆಕ್ಸ್ಟ್‌ಬುಕ್ಕಲ್ಲಾದ್ರೂ ಸಿಗುತ್ತೆ. ಆದ್ರೆ ಈ ಮೊದಲನೇ ಪ್ರಶ್ನೆ ಹೆಸರು ಬದಲಾಯಿಸ್ಕೊಂಡು ಬರ್ತಾನೇ ಇದೆ, ಅದಕ್ಕೇ ಈ ಸಲ ಪೂರ್ತಿ ಉತ್ತರ ಬರೀತಿದೀನಿ.

ಪ್ರಶ್ನೆ: ಮೇಡಂ, ಪ್ರಾಜೆಕ್ಟ್‌ಗೆ 2.4 ಗಿಗಾಹರ್ಟ್ಜ್‌ನಲ್ಲಿ ನಾಲ್ಕು ಆಂಟೆನಾದ ಅರೇ (ಸಾಲು) ಮಾಡಿದೀವಿ. ಸಿಮ್ಯುಲೇಶನ್‌ನಲ್ಲಿ ಬೀಮ್ ಸೂಪರ್ ಆಗಿ ಬರುತ್ತೆ, ಹಾರ್ಡ್‌ವೇರ್ ಮೇಲೆ ದಿಕ್ಕು ಎಲ್ಲೆಲ್ಲೋ ತೋರಿಸುತ್ತೆ, ಆಫ್ ಮಾಡಿ ಆನ್ ಮಾಡಿದ್ರೆ ಇನ್ನೊಂದು ದಿಕ್ಕು. ಎಲ್‌ಎಂಎಸ್ ಅಲ್ಗಾರಿದಂ ಬಿಟ್ಟು ಮ್ಯೂಸಿಕ್ ಅನ್ನೋ ಅಲ್ಗಾರಿದಂ ಹಾಕಿದ್ವಿ, ಆಮೇಲೆ ಎಂವಿಡಿಆರ್ ಅನ್ನೋದು. ಡೀಪ್ ಲರ್ನಿಂಗ್ ಹಾಕಿದ್ರೆ ಸರಿಹೋಗುತ್ತಾ?

ಉತ್ತರ: ಹೋಗಲ್ಲ. ತಕ್ಕಡಿನೇ ಸರಿ ಇಲ್ದಾಗ ಲೆಕ್ಕ ಬರೆಯೋನನ್ನ ಬದಲಾಯಿಸಿ ಏನು ಪ್ರಯೋಜನ? ವಿಡ್ರೋ ಮತ್ತು ಹಾಫ್ ಅನ್ನೋ ಇಂಜಿನಿಯರ್‌ಗಳು ಎಲ್‌ಎಂಎಸ್ ಕೊಟ್ಟಿದ್ದು 1960ರಲ್ಲಿ, ವಿಡ್ರೋ ತಂಡ ಅದನ್ನ ಆಂಟೆನಾ ಅರೇಗೆ ಹಾಕಿ ತೋರಿಸಿದ್ದು 1967ರಲ್ಲಿ, ಎಂವಿಡಿಆರ್ ಹಿಂದಿರೋ, ಕೇಪನ್ ಅನ್ನೋರ ಲೆಕ್ಕ 1969ರದ್ದು. ಇವೆಲ್ಲಾ ಇಷ್ಟು ವರ್ಷ ಚೆನ್ನಾಗೇ ಕೆಲಸ ಮಾಡ್ಕೊಂಡು ಬಂದಿವೆ, ನಿಮ್ಮ ಬೋರ್ಡ್ ಮೇಲೆ ಮಾತ್ರ ಮೂರೂ ಒಟ್ಟಿಗೆ ಕೆಟ್ಟುಹೋಗಿರೋಕೆ ಸಾಧ್ಯ ಇಲ್ಲ. ಕ್ಯಾಲಿಬ್ರೇಶನ್, ಅಂದ್ರೆ ನಾಲ್ಕೂ ಚಾನೆಲ್‌ಗಳ (ಪ್ರತಿ ಆಂಟೆನಾದಿಂದ ರಿಸೀವರ್‌ವರೆಗಿನ ದಾರಿ) ವ್ಯತ್ಯಾಸ ಅಳೆದು ಸರಿಪಡಿಸೋದು, ಮಾಡಿದೀರಾ? ಪತ್ರದಲ್ಲಿ ಆ ಪದನೇ ಇಲ್ಲ.

ಒಂದು ಲೆಕ್ಕ ನೋಡಿ. 2.4 ಗಿಗಾಹರ್ಟ್ಜ್ ಅಂದ್ರೆ ಗಾಳಿಯಲ್ಲಿ ತರಂಗದ ಉದ್ದ 12.5 ಸೆಂಟಿಮೀಟರ್, ಮಾಮೂಲಿ ಕೋಆಕ್ಸಿಯಲ್ ಕೇಬಲ್ ಒಳಗೆ ಸಿಗ್ನಲ್ ಬೆಳಕಿನ ವೇಗದ ಸುಮಾರು 66 ಪರ್ಸೆಂಟ್‌ನಲ್ಲಿ ಹೋಗುತ್ತೆ, ಹಾಗಾಗಿ ಅಲ್ಲಿ ಅದೇ ತರಂಗ 8.25 ಸೆಂಟಿಮೀಟರ್. ಅಂದ್ರೆ ಒಂದೇ ಒಂದು ಸೆಂಟಿಮೀಟರ್ ಕೇಬಲ್ ಹೆಚ್ಚುಕಮ್ಮಿ ಆದ್ರೆ 44 ಡಿಗ್ರಿ ಫೇಸ್ (ತರಂಗ ತನ್ನ 360 ಡಿಗ್ರಿ ಸುತ್ತಿನಲ್ಲಿ ಎಲ್ಲಿದೆ ಅನ್ನೋದು) ಹೋಯ್ತು! ಅರ್ಧ ತರಂಗದ ಅಂತರದಲ್ಲಿಟ್ಟ ಅರೇಲಿ ಪ್ರತಿ ಕೇಬಲ್ಲೂ ಹಿಂದಿನದಕ್ಕಿಂತ ಒಂದು ಸೆಂಟಿಮೀಟರ್ ಉದ್ದ ಇದ್ರೆ, ಎದುರಿಗೆ ನೇರ ಇರೋ ಸಿಗ್ನಲ್ 14 ಡಿಗ್ರಿ ಪಕ್ಕದಲ್ಲಿದೆ ಅಂತ ತೋರಿಸುತ್ತೆ, ಯಾವ ಅಲ್ಗಾರಿದಂ ಹಾಕಿದ್ರೂ ಅಷ್ಟೇ.

ಇನ್ನು ಆಫ್ ಮಾಡಿ ಆನ್ ಮಾಡಿದ್ರೆ ದಿಕ್ಕು ಬದಲಾಗೋದು. ಅದು ಕೇಬಲ್ ಕೆಲಸ ಅಲ್ಲ, ನಿಮ್ಮ ನಾಲ್ಕು ರಿಸೀವರ್‌ಗೂ ಬೇರೆಬೇರೆ ಲೋಕಲ್ ಆಸಿಲೇಟರ್ (ರಿಸೀವರ್ ಒಳಗೇ ತರಂಗ ಹುಟ್ಟಿಸೋ ಭಾಗ) ಇದೆ ಅನ್ಸುತ್ತೆ, ಅದೇ ಕಾರಣ. ಎಲ್ಲದಕ್ಕೂ ಒಂದೇ 10 ಮೆಗಾಹರ್ಟ್ಜ್ ರೆಫರೆನ್ಸ್ ಕೊಟ್ಟಿದೀವಿ ಅಂತ ಹೇಳ್ಬೇಡಿ, ಅದ್ರಿಂದ ಫ್ರೀಕ್ವೆನ್ಸಿ ಒಂದೇ ಆಗುತ್ತೆ, ಫೇಸ್ ಒಂದಾಗಲ್ಲ. ಆಸಿಲೇಟರ್‌ನ ಆ ರೆಫರೆನ್ಸ್‌ಗೆ ಹೊಂದಿಸೋ ಸರ್ಕ್ಯೂಟ್, ಅಂದ್ರೆ ಪಿಎಲ್‌ಎಲ್, ಪ್ರತಿ ಸಲ ಲಾಕ್ ಆದಾಗಲೂ ತನಗಿಷ್ಟ ಬಂದ ಫೇಸ್‌ನಲ್ಲಿ ನಿಲ್ಲುತ್ತೆ. ಒಂದೇ ಆಸಿಲೇಟರ್‌ನ ನಾಲ್ಕಕ್ಕೂ ಹಂಚಿ, ಇಲ್ಲಾಂದ್ರೆ ಪ್ರತಿ ಆನ್‌ಗೂ ಪ್ರತಿ ಟ್ಯೂನಿಂಗ್‌ಗೂ ಕ್ಯಾಲಿಬ್ರೇಶನ್ ಮಾಡಿ, ಮೂರನೇ ದಾರಿ ಹುಡುಕ್ತಾ ಟೈಮ್ ಹಾಳು ಮಾಡ್ಬೇಡಿ.

ಮಾಡೋದು ಕಷ್ಟ ಏನಲ್ಲ. ಒಂದು ಸಿಗ್ನಲ್‌ನ ಪವರ್ ಸ್ಪ್ಲಿಟರ್‌ನಿಂದ ನಾಲ್ಕೂ ಇನ್‌ಪುಟ್‌ಗೆ ಕೊಟ್ಟು ರೆಕಾರ್ಡ್ ಮಾಡಿ, ಮೊದಲನೇ ಚಾನೆಲ್‌ಗೆ ಹೋಲಿಸಿದ್ರೆ ಮಿಕ್ಕ ಮೂರರ ಆಂಪ್ಲಿಟ್ಯೂಡ್ ಮತ್ತು ಫೇಸ್ ಎಷ್ಟು ಆಚೀಚೆ ಇದೆ ಅಂತ ತೆಗೀರಿ, ಆಮೇಲೆ ಬರೋ ಡೇಟಾನ ಅದ್ರಿಂದ ಭಾಗಿಸಿ. ಸ್ಪ್ಲಿಟರ್ ಕೇಬಲ್‌ಗಳೇ ಸಮ ಇಲ್ದಿದ್ರೆ? ಎರಡು ಕೇಬಲ್ ಅದಲುಬದಲು ಮಾಡಿ ಇನ್ನೊಂದು ಸಲ ಅಳೆದು ಸರಾಸರಿ ತಗೊಳ್ಳಿ, ಕೇಬಲ್ ವ್ಯತ್ಯಾಸ ಒಂದಕ್ಕೊಂದು ಹೊಡೆದುಹೋಗಿ ಚಾನೆಲ್‌ದು ಮಾತ್ರ ಉಳಿಯುತ್ತೆ.

ಆದ್ರೆ ಇಷ್ಟಕ್ಕೇ ನಿಲ್ಲಿಸ್ಬೇಡಿ, ಯಾಕಂದ್ರೆ ಸ್ಪ್ಲಿಟರ್‌ಗೆ ಆಂಟೆನಾ ಕಾಣಲ್ಲ. ಆಂಟೆನಾಗಳು ಹತ್ತಿರ ಇದ್ದಾಗ ಒಂದರ ಕರೆಂಟ್ ಇನ್ನೊಂದನ್ನ ಕೆಣಕುತ್ತೆ, ಇದೇ ಮ್ಯೂಚುಯಲ್ ಕಪ್ಲಿಂಗ್. ನಡುವಿನ ಎರಡಕ್ಕೆ ಎರಡೂ ಕಡೆ ನೆರೆಯವರಿದಾರೆ, ತುದೀಲಿರೋದಕ್ಕೆ ಒಂದೇ ಕಡೆ, ಹಾಗಾಗಿ ನಾಲ್ಕೂ ಒಂದೇ ಥರ ನಡ್ಕೊಳ್ಳಲ್ಲ. ಎರಡೂ ತುದಿಗೆ ಒಂದೊಂದು ಡಮ್ಮಿ ಆಂಟೆನಾ ಇಟ್ಟು 50 ಓಮ್ ಟರ್ಮಿನೇಶನ್ ಹಾಕಿ, ಆಮೇಲೆ ಬಯಲಲ್ಲಿ ಮೂರು ನಾಲ್ಕು ಮೀಟರ್ ದೂರದಿಂದ, ಗೊತ್ತಿರೋ ಕೋನಗಳಲ್ಲಿ ಟ್ರಾನ್ಸ್‌ಮಿಟರ್ ಇಟ್ಟು ಅಳೀಬೇಕು. ಲ್ಯಾಬ್ ರೂಮಲ್ಲಿ ಮಾಡ್ಬೇಡಿ, ಗೋಡೆ ಬೀರು ಎಲ್ಲಾ ಕಡೆಯಿಂದ ರಿಫ್ಲೆಕ್ಷನ್ ಬರುತ್ತೆ, ಮ್ಯೂಸಿಕ್ ಅಂತೂ ಅಂಥ ಕೊಹೆರೆಂಟ್ ಸಿಗ್ನಲ್ (ಒಂದೇ ಸಿಗ್ನಲ್‌ನ ನಕಲುಗಳು) ಮುಂದೆ ಸ್ಪೇಷಿಯಲ್ ಸ್ಮೂದಿಂಗ್ (ಅರೇನ ಚಿಕ್ಕ ಗುಂಪುಗಳಾಗಿ ಮಾಡಿ ಸರಾಸರಿ ತೆಗೆಯೋದು) ಇಲ್ದೆ ನಿಲ್ಲೋದೇ ಇಲ್ಲ.

ನಾನು ಇಷ್ಟು ಒತ್ತಿ ಹೇಳೋಕೆ ಕಾರಣ ನಲ್, ಅಂದ್ರೆ ಬೇಡದ ಸಿಗ್ನಲ್ ಬರೋ ದಿಕ್ಕಿಗೆ ಅರೇನ ಕಿವುಡು ಮಾಡೋದು. ಬೀಮ್ ತಪ್ಪನ್ನ ಸಹಿಸ್ಕೊಳ್ಳುತ್ತೆ, ಚಾನೆಲ್‌ಗಳಲ್ಲಿ 30 ಡಿಗ್ರಿ ಫೇಸ್ ತಪ್ಪು ಅಲ್ಲೊಂದು ಇಲ್ಲೊಂದು ಥರ ಹರಡಿದ್ರೂ ಗೇನ್‌ನಲ್ಲಿ ಹೋಗೋದು ಸುಮಾರು ಒಂದು ಡಿಬಿ (ಡೆಸಿಬೆಲ್) ಅಷ್ಟೇ, ಅದಕ್ಕೇ ಎಲ್ರೂ ಬೀಮ್ ತೋರಿಸಿ ಡೆಮೊ ಮುಗಿಸಿಬಿಡ್ತಾರೆ. ತೊಂದರೆ ಕೊಡೋ ಸಿಗ್ನಲ್‌ನ ಅಳಿಸೋದು ಹಾಗಲ್ಲ. ಎರಡು ಸಮಾನ ಸಿಗ್ನಲ್ ಒಂದನ್ನೊಂದು ರದ್ದು ಮಾಡ್ಬೇಕಾದಾಗ 5 ಡಿಗ್ರಿ ತಪ್ಪಿದ್ರೆ ಅಳಿಸೋದು 21 ಡಿಬಿಗೇ ನಿಂತ್ಹೋಗುತ್ತೆ, 1 ಡಿಗ್ರಿಗೆ ತಂದ್ರೆ 35 ಡಿಬಿ. ಎಂವಿಡಿಆರ್ ಇನ್ನೂ ನಿಷ್ಠುರ, ನೀವು ಕೊಟ್ಟ ಸ್ಟೀರಿಂಗ್ ವೆಕ್ಟರ್ (ಬೇಕಾದ ದಿಕ್ಕಿನ ಸಿಗ್ನಲ್ ಪ್ರತಿ ಆಂಟೆನಾಗೂ ಹೇಗೆ ಬರುತ್ತೆ ಅನ್ನೋ ಪಟ್ಟಿ) ತಪ್ಪಿದ್ರೆ ನಿಮಗೆ ಬೇಕಾದ ಸಿಗ್ನಲ್ಲನ್ನೇ ಶತ್ರು ಅಂದ್ಕೊಂಡು ಅಳಿಸುತ್ತೆ, ಸಿಗ್ನಲ್ ಜೋರಾಗಿದ್ದಷ್ಟೂ ಜಾಸ್ತಿ ಅಳಿಸುತ್ತೆ. ಡಯಾಗನಲ್ ಲೋಡಿಂಗ್ (ಲೆಕ್ಕಕ್ಕೆ ಬೇಕಂತಲೇ ಸ್ವಲ್ಪ ನಾಯ್ಸ್ ಸೇರಿಸೋದು) ಸ್ವಲ್ಪ ಕಾಪಾಡುತ್ತೆ, ಅದನ್ನ ಹಾಕಿ, ಆದ್ರೆ ಅದು ಕ್ಯಾಲಿಬ್ರೇಶನ್‌ಗೆ ಬದಲಿ ಅಲ್ಲ.

ರಿಪೋರ್ಟಲ್ಲಿ ಕ್ಯಾಲಿಬ್ರೇಶನ್ ಮುಂಚಿನ ಮತ್ತು ಆಮೇಲಿನ ಪ್ಯಾಟರ್ನ್ ಎರಡೂ ಹಾಕಿ. ಅದು ಇಲ್ದೆ ಬರೀ ಸಿಮ್ಯುಲೇಶನ್ ಚಿತ್ರ ತೋರಿಸಿದ್ರೆ ನಾನಂತೂ ಪಾಸ್ ಮಾಡಲ್ಲ.

ಪ್ರಶ್ನೆ: ರಿಸೀವ್‌ಗೆ ಕ್ಯಾಲಿಬ್ರೇಟ್ ಮಾಡಿದೀವಿ, ಟಿಡಿಡಿ (ಒಂದೇ ಫ್ರೀಕ್ವೆನ್ಸಿಯಲ್ಲಿ ಸರದಿ ಮೇಲೆ ಕಳಿಸೋದು, ಪಡೆಯೋದು) ಸಿಸ್ಟಂ ಆಗಿರೋದ್ರಿಂದ ಟ್ರಾನ್ಸ್‌ಮಿಟ್‌ಗೂ ಅದೇ ಸಾಕಲ್ವಾ?

ಉತ್ತರ: ಸಾಲಲ್ಲ. ಹೋಗ್ತಾ ಬರ್ತಾ ಒಂದೇ ಥರ ಇರೋದು ಗಾಳಿಯಲ್ಲಿರೋ ದಾರಿ, ನಿಮ್ಮ ಪವರ್ ಆಂಪ್ಲಿಫೈಯರ್ ಅಲ್ಲ.

ಪ್ರಶ್ನೆ: ಫೋನ್ ಹಿಂದೆ ಅಂಟಿಸೋ ಆಂಟೆನಾ ಬೂಸ್ಟರ್ ಸ್ಟಿಕ್ಕರ್ ಸ್ಮಾರ್ಟ್ ಆಂಟೆನಾನಾ?

ಉತ್ತರ: ಮೋಸ. ಫೋನಿಗೆ ಕನೆಕ್ಷನ್ನೇ ಇಲ್ದಿರೋ ತಗಡಿನ ಚೂರು ಯಾವ ಬೀಮನ್ನೂ ತಿರುಗಿಸಲ್ಲ, ಕಿತ್ತು ಬಿಸಾಕಿ.

ಪ್ರಶ್ನೆ: ಅಂತರ ಜಾಸ್ತಿ ಮಾಡಿದ್ರೆ ಬೀಮ್ ಇನ್ನೂ ಚೂಪಾಗುತ್ತಲ್ಲ, ಒಂದು ತರಂಗದಷ್ಟು ದೂರ ಇಡಬಹುದಾ?

ಉತ್ತರ: ಚೂಪಾಗುತ್ತೆ, ಜೊತೆಗೆ ಬೇಡದ ದಿಕ್ಕಲ್ಲಿ ಅಷ್ಟೇ ದೊಡ್ಡ ಇನ್ನೊಂದು ಬೀಮ್, ಅಂದ್ರೆ ಗ್ರೇಟಿಂಗ್ ಲೋಬ್, ಹುಟ್ಕೊಳ್ಳುತ್ತೆ. ಬೇಡ.

ಪ್ರಶ್ನೆ: ಬೀಮ್ ನಮ್ಮ ಮೇಲೇ ಫೋಕಸ್ ಆದ್ರೆ ಕ್ಯಾನ್ಸರ್ ಬರುತ್ತೆ, ಅದಕ್ಕೆ ಆಂಟಿ ರೇಡಿಯೇಶನ್ ಚಿಪ್ ತಗೊಳ್ಳಿ ಅಂತಾರೆ, ನಿಜಾನಾ?

ಉತ್ತರ: ಚಿಪ್ ಮಾರೋರ ಮಾತು ನಂಬ್ಬೇಡಿ. ಇದು ಅಯಾನೀಕರಿಸೋ ವಿಕಿರಣ ಅಲ್ಲ, ಇಲ್ಲಿ ನೋಡ್ಬೇಕಾಗಿರೋದು ಬಿಸಿ, ಅದಕ್ಕೆ ಮಿತಿ ಇದೆ: ಇಂಥ ವಿಕಿರಣದ ಸುರಕ್ಷತೆ ನೋಡ್ಕೊಳ್ಳೋ ಅಂತಾರಾಷ್ಟ್ರೀಯ ಆಯೋಗ ಐಸಿಎನ್‌ಐಆರ್‌ಪಿಯ 2020ರ ಮಾರ್ಗಸೂಚಿ ಪ್ರಕಾರ 2 ಗಿಗಾಹರ್ಟ್ಜ್‌ಗಿಂತ ಮೇಲೆ ಸಾರ್ವಜನಿಕರ ಇಡೀ ದೇಹಕ್ಕೆ 30 ನಿಮಿಷದ ಸರಾಸರಿಯಲ್ಲಿ ಚದರ ಮೀಟರಿಗೆ 10 ವ್ಯಾಟ್. ನಿಜವಾಗ್ಲೂ ಹುಷಾರಾಗಿರ್ಬೇಕಾದೋರು ಟವರ್ ಹತ್ತೋರು. ಆನ್ ಇರೋ ಪ್ಯಾನೆಲ್ ಮುಂದೆ ಕೈಯಳತೆ ದೂರದಲ್ಲಿ ಕೆಲಸ ಮಾಡೋಕೆ ಯಾರೇ ಹೇಳಿದ್ರೂ ಒಪ್ಕೊಬೇಡಿ, ಟ್ರಾನ್ಸ್‌ಮಿಟರ್ ಆಫ್ ಮಾಡಿಸ್ಕೊಂಡೇ ಹತ್ತಿ.